ಹುಣಸೆಮರದಿಂದ ಬಾಗಿಲಿಗೆ

ಶನಿವಾರ ಹರಾಜು ಮುಗಿದು ಲಾರಿಗಳು ಹೋದ ಮೇಲೆ
ಮಂಡ್ಯದ ಬೆಲ್ಲದ ಮಂಡಿಯಲ್ಲಿ, ನಮ್ಮ ತಕ್ಕಡಿಯ ಹಿಂದೆ,
ಖಾಲಿ ಗೋಣಿ ಹಾಸಿಕೊಂಡು ಐದು ಜನ ಕೂರುತ್ತೇವೆ.
ಇರುವುದು ಒಂದೇ ಪ್ರತಿ, ಲೈಬ್ರರಿಯದು.
ಕೈಯಿಂದ ಕೈಗೆ ಹೋಗಿ ಹಾಳೆಗಳು ಅಂಟಂಟು;
ನೂರ ಹನ್ನೆರಡನೇ ಪುಟದಲ್ಲಿ ಒಂದು ಗೊದ್ದ
ಅಲ್ಪವಿರಾಮದ ಪಕ್ಕ ಅಪ್ಪಚ್ಚಿಯಾಗಿ
ಇನ್ನೊಂದು ಅಲ್ಪವಿರಾಮವಾಗಿದೆ.

ಕತೆ ಇಷ್ಟು: ಪಟೇಲ ಮಾಡಿದ ಕೊಲೆಯನ್ನು
ಆಳು ಸಣ್ಣಯ್ಯ ತನ್ನ ತಲೆಗೆ ಹಾಕಿಕೊಂಡು
ಹನ್ನೊಂದು ವರ್ಷ ಜೈಲಿಗೆ ಹೋಗುತ್ತಾನೆ.
ಹೆಂಡತಿ ಕೆಂಪಾಜಿ, ಪ್ರತಿ ಅಮಾವಾಸ್ಯೆಯ ಮಾರನೇ ದಿನ,
ಬುತ್ತಿ ಕಟ್ಟಿಕೊಂಡು ಅಷ್ಟು ದೂರ ನಡೆದು
ಜೈಲಿನೆದುರಿನ ಹುಣಸೆಮರದಡಿ ನಿಂತು
ವಾಪಸಾಗುತ್ತಾಳೆ. ಒಂದು ಸಲವೂ ಒಳಗೆ ಹೋಗುವುದಿಲ್ಲ.
ಬುತ್ತಿ ದಾರಿಯ ನಾಯಿಗೆ.

"ನಿಯತ್ತು ಅಂದ್ರೆ ಅದು," ಎಂದರು ಮಂಚೇಗೌಡರು,
ನಲವತ್ತು ವರ್ಷ ಒಂದೇ ಮಂಡಿಯ ಲೆಕ್ಕ ಬರೆದವರು.
"ಉಂಡ ಮನೆ ಜಂತೆ ಎಣಿಸಲಿಲ್ಲ ನೋಡಿ ಅವನು."

"ಉಂಡದ್ದು ಯಾರ ಮನೇಲಿ?"
ಸೂಲಗಿತ್ತಿ ನಿಂಗಾಜಮ್ಮ ಎಲೆಅಡಿಕೆ ಉಗಿದು ಬಂದು ಕೂತಳು.
"ಪಟೇಲ ಕೊಟ್ಟಿದ್ದು ರಾಗಿ. ಬೀಸಿ, ತೊಳಸಿ, ಮುದ್ದೆ ಕಟ್ಟಿದ್ದು ಅವಳು.
ಜಂತೆ ಅವಳ ಮನೇಲೂ ಇದ್ವು, ಗೌಡ್ರೆ.
ಹನ್ನೊಂದು ವರ್ಷ ಅವನ್ನ ಎಣಿಸ್ಕೊಂಡು ಮಲಗಿದ್ದೋಳು ಅವಳೇ."

"ಹಾಗಾದ್ರೆ ಒಳಗೆ ಹೋಗಿ ಬೈದು ಬರಬಹುದಿತ್ತಲ್ಲ?"
ಇದು ಗುಲ್ನಾರ್ ಟೀಚರ್, ಕನ್ನಡಕ ಏರಿಸುತ್ತ.
"ಬುತ್ತಿ ಕಟ್ಟಿದ್ದು ಪ್ರೀತಿ. ನಾಯಿಗೆ ಹಾಕಿದ್ದು ಜಂಬ."

"ಜಂಬ ಅಲ್ಲ ಕಣವ್ವ, ರೋಷ.
ಜಂಬಕ್ಕೆ ನೋಡೋರು ಬೇಕು.
ಆ ಮರದ ಕೆಳಗೆ ಯಾರಿದ್ರು?"

ಹಮಾಲಿ ಬೆಟ್ಟಯ್ಯನಿಗೆ ಅಕ್ಷರ ಬಾರದು.
ಟೀಚರ್ ಓದಿದ್ದನ್ನು ಕಣ್ಣು ಮುಚ್ಚಿ ಕೇಳುತ್ತಾನೆ,
ನಿದ್ದೆಯೆಂದೇ ನಾವು ತಿಳಿದಿದ್ದೆವು ಮೊದಮೊದಲು.
ಅವತ್ತು ಕಣ್ಣು ಬಿಟ್ಟ.
"ಆ ಮರದಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಅಂತ ಬರ್ದವ್ರಾ?"

ಹುಡುಕಿದೆವು. ಮರದ ಬೊಡ್ಡೆ ಇದೆ, ನೆರಳಿದೆ,
ಪಹರೆಯವನ ಮೀಸೆ ಕೂಡ ಇದೆ ಎರಡು ಸಾಲು.
ಹೆಜ್ಜೆ ಇಲ್ಲ.
"ಅದನ್ನೇ ಬರೀಬೇಕಿತ್ತು," ಎಂದ.
"ಮೂಟೆ ಹೊತ್ತೋನಿಗೆ ಮೈಲಿ ಲೆಕ್ಕ ಅಲ್ಲ ಕಣ್ರಪ್ಪ.
ಲಾರಿ ಹಲಗೆ ಹತ್ತೋ ಕೊನೇ ಐದು ಹೆಜ್ಜೆ..."
ಮುಗಿಸಲಿಲ್ಲ. ಟವಲಿನಿಂದ ಹೆಗಲು ಒರೆಸಿಕೊಂಡ.

ಪುಸ್ತಕ ಆರಿಸಿ ತಂದವನು ನಾನು.
ಆ ಸಂಜೆ ನಾನೊಬ್ಬನೇ ಏನೂ ಅನ್ನಲಿಲ್ಲ.
ಒಂಬತ್ತು ವರ್ಷದ ಹಿಂದೆ, ಇದೇ ಅಂಗಳದಲ್ಲಿ,
ಸಾಹುಕಾರರ ತಕ್ಕಡಿ ಸರಿಯಾಗಿದೆಯೆಂದು ಎಲ್ಲರೆದುರು ಹೇಳಿದೆ.
ಮೋಸ, ಮೋಸ ಎಂದು ಕೂಗುತ್ತಿದ್ದವನು ನನ್ನ ಅಣ್ಣ.
ಸರ್ಕಾರಿ ಮುದ್ರೆ ಬಿದ್ದ ತಕ್ಕಡಿ;
ಇನ್ನೂರು ಗ್ರಾಂ ಯಾವ ಕಡೆ ವಾಲುತ್ತಿತ್ತೆಂದು
ನನ್ನ ಬೆರಳಿಗೆ ಗೊತ್ತಿತ್ತು.
ಸಣ್ಣಯ್ಯನ ಪರ ವಾದಿಸಲು ಬಾಯಿ ಬರಲಿಲ್ಲ,
ಅವನನ್ನು ಬೈಯಲೂ.

ಅಣ್ಣ ಆಮೇಲೆ ಮೂರನೇ ಸಾಲಿನಲ್ಲಿ ತನ್ನದೇ ಮಂಡಿ ಇಟ್ಟ.
ಅವನ ಷಟರು ಅರ್ಧಕ್ಕೆ ಒಮ್ಮೆ ಕಚ್ಚಿಕೊಂಡು, ಆಮೇಲೆ ಧಡಾರೆಂದು ಇಳಿಯುತ್ತದೆ.
ಇಡೀ ಯಾರ್ಡಿನ ಸದ್ದಿನಲ್ಲಿ ಅದೊಂದು ನನಗೆ ಬೇರೆ ಕೇಳುತ್ತದೆ.
ಅವತ್ತು ಇನ್ನೂ ಕೇಳಿರಲಿಲ್ಲ.

"ಕೊನೆಗಾದ್ರೂ ಅವಳು ಮಾತಾಡ್ತಾಳಾ?" ಮಂಚೇಗೌಡರು ಏಳುತ್ತ ಕೇಳಿದರು.
"ಮುಂದಿನ ಶನಿವಾರ," ಎಂದರು ಟೀಚರ್.
ಆಗಲೇ ಕದ್ದು ಓದಿಸಿಕೊಂಡಿದ್ದ ನಿಂಗಾಜಮ್ಮ
ಸೆರಗಿನೊಳಗೆ ನಕ್ಕಳು.

ಗೋಣಿ ಕೊಡವಿ, ಬೀಗ ಹಾಕಿ, ಪುಸ್ತಕ ಕಂಕುಳಲ್ಲಿಟ್ಟು
ಮೂರನೇ ಸಾಲಿನ ತಿರುವಿನ ಹೊಂಗೆಯವರೆಗೆ ಹೋದೆ.
ದೀಪ ಉರಿಯುತ್ತಿತ್ತು. ಒಳಗೆ ಯಾರೋ
ಅಚ್ಚುಬೆಲ್ಲ ಜೋಡಿಸುತ್ತ ಎಣಿಸುವ ದನಿ,
ನಮ್ಮಪ್ಪ ಎಣಿಸುತ್ತಿದ್ದ ಹಾಗೆ, ಒಂದಕ್ಕೆ ಬದಲು 'ಲಾಭ' ಎಂದು ಶುರುಮಾಡಿ.

ಕಣ್ಣಲ್ಲೇ ಅಳೆದೆ. ಮೂವತ್ತೆಂಟು.
ನಡುವೆ ಚರಂಡಿಯ ಕಲ್ಲೊಂದು ಅಲ್ಲಾಡುತ್ತದೆ,
ಅದನ್ನು ದಾಟುವುದು ಸೇರಿಸಿದರೆ ಮೂವತ್ತೊಂಬತ್ತು.
ಬೆಟ್ಟಯ್ಯ ಇನ್ನೊಮ್ಮೆ ಕೇಳಿದರೆ
ಹೇಳಬಹುದು.